ಎಣ್ಣೆಬೀಜದ ಮರಗಳೂ ಕರಾವಳಿಯ ಬೇಸಾಯಗಾರರೂ



ದೀಪಕ್ಕೆ ಎಣ್ಣೆ ಕೊಡುವ ಮರಗಳು ನಮ್ಮ ನಾಡಿಗೆ ಹೊಸವಲ್ಲ. ಸೀಮೆಎಣ್ಣೆಯ ಡಬ್ಬಿಗಳು ಹಡಗನ್ನೇರಿ ಬರುವುದಕ್ಕೆ ಮುನ್ನ ಕರಾವಳಿಯ ಮನೆಗಳಲ್ಲಿ ಉರಿಯುತ್ತಿದ್ದುದು ಹೊನ್ನೆಯ ಎಣ್ಣೆ. ಘಟ್ಟದ ಮೇಲಣ ಸೀಮೆಯಲ್ಲಿ ಹೊಂಗೆಯ ಎಣ್ಣೆ. ಸೀಮೆಎಣ್ಣೆ ಬಂದಿತು, ಅದರ ಹಿಂದೆ ವಿದ್ಯುದ್ದೀಪ ಬಂದಿತು. ಮರಗಳು ಮಾತ್ರ ಇದ್ದಲ್ಲಿಯೇ ಇದ್ದು ವರ್ಷವರ್ಷವೂ ಬೀಜವನ್ನು ಉದುರಿಸುತ್ತಲೇ ಬಂದವು. ಆ ಬೀಜಕ್ಕೆ ಈಗ ಮರಳಿ ಬೆಲೆ ಬಂದಿದೆ. ಈ ಸಲ ಅದನ್ನು ಬಯಸುತ್ತಿರುವುದು ದೀಪವಲ್ಲ, ಯಂತ್ರ.

ಈ ಹೊತ್ತು ನಾವು ವಿಚಾರಮಾಡಬೇಕೆಂದಿರುವುದು ಇಂಥ ಮರಗಳನ್ನು ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳ ಸುತ್ತಿನಲ್ಲಿ ಬೇಸಾಯಗಾರನು ಅತ್ಯಲ್ಪ ವೆಚ್ಚದಿಂದ ಬೆಳೆಸಿಕೊಳ್ಳುವ ಬಗೆ ಯಾವುದು ಎಂಬುದನ್ನು. ಮರದ ಎಣ್ಣೆಯಿಂದ ಯಂತ್ರವು ಓಡೀತೆ ಎಂಬ ಪ್ರಶ್ನೆ ಎಂದೋ ತೀರ್ಮಾನವಾಗಿದೆ. ಬಡವನಾದ ಒಕ್ಕಲಿಗೆ ಅದರಿಂದ ನಷ್ಟವಾಗದಿರುವುದು ಹೇಗೆಂಬ ಪ್ರಶ್ನೆ ಮಾತ್ರ ಉಳಿದಿದೆ.

ಮೊದಲು ತೀರ್ಮಾನವಾದ ಸಂಗತಿಯನ್ನು ಸಂಕ್ಷೇಪವಾಗಿ ಹೇಳಿಬಿಡುವೆವು. 1900ರಲ್ಲಿ ಪ್ಯಾರಿಸ್ ನಗರದಲ್ಲಿ ನಡೆದ ಮಹಾಪ್ರದರ್ಶನದಲ್ಲಿ ರುಡಾಲ್ಫ್ ಡೀಸೆಲ್ ಕಲ್ಪಿಸಿದ ಯಂತ್ರವೊಂದನ್ನು ನೆಲಗಡಲೆಯ ಎಣ್ಣೆಯಿಂದ ಓಡಿಸಿ ತೋರಿಸಿದರು. ಅದರಿಂದ ಒಂದು ಶತಮಾನ ಕಳೆದ ಬಳಿಕ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಎಂಬ ವಿದ್ವಾಂಸರು ಹೊಂಗೆಯ ಎಣ್ಣೆಯಿಂದಲೇ ಡೀಸೆಲ್ ಯಂತ್ರಗಳನ್ನು ನಡೆಸಿ, ಹಳ್ಳಿಗಾಡಿಗೆ ಇದು ತಕ್ಕ ಇಂಧನವೆಂಬುದನ್ನು 2001ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರತಿಪಾದಿಸಿದರು. ಗಾಣದಿಂದ ಬಂದ ಎಣ್ಣೆ ಮಂದವಾದುದು. ಅದನ್ನು ಹಾಗೆಯೇ ಹೊಸ ಬಗೆಯ ಯಂತ್ರಗಳಿಗೆ ಹೊಯ್ದರೆ ಸೂಕ್ಷ್ಮವಾದ ನಳಿಗೆಗಳು ಕಟ್ಟಿಕೊಳ್ಳುವುವು. ಆದುದರಿಂದ ಎಣ್ಣೆಗೆ ಮೆಥನಾಲ್ ಎಂಬ ಮದ್ಯಸಾರವನ್ನೂ ಸ್ವಲ್ಪ ಕ್ಷಾರವನ್ನೂ ಕೂಡಿಸಿ ಕಾಯಿಸಿದರೆ ಗ್ಲಿಸರಿನ್ ಕೆಳಗೆ ಇಳಿದು, ತೆಳುವಾದ ಇಂಧನವು ಮೇಲೆ ನಿಲ್ಲುವುದು. ಇದೇ ಬಯೋಡೀಸೆಲ್. ಮೆಥನಾಲ್ ವಿಷವೂ ಹೌದು, ಬೇಗನೆ ಹೊತ್ತಿಕೊಳ್ಳುವುದೂ ಹೌದು. ಈ ಕೆಲಸವನ್ನು ಮನೆಯ ಅಂಗಳದಲ್ಲಿ ಯಾರೂ ಮಾಡತಕ್ಕದ್ದಲ್ಲ. ಬೇಸಾಯಗಾರನ ಕೆಲಸ ಬೀಜದವರೆಗೆ, ಹೆಚ್ಚೆಂದರೆ ಗಾಣದವರೆಗೆ.

ಇನ್ನು ಒಂದು ಎಚ್ಚರಿಕೆಯ ಮಾತು. 2003ರಲ್ಲಿ ನಮ್ಮ ದೇಶದ ಯೋಜನಾ ಆಯೋಗವು ಬಯೋಡೀಸೆಲ್‌ಗಾಗಿ ರಾಷ್ಟ್ರೀಯ ಕಾರ್ಯಕ್ರಮವೊಂದನ್ನು ಸೂಚಿಸಿತು. 2011-12ರ ಹೊತ್ತಿಗೆ ಡೀಸೆಲಿನ ನೂರು ಪಾಲಿನಲ್ಲಿ 20 ಪಾಲು ಮರದ ಎಣ್ಣೆಯಿಂದ ಬರಬೇಕೆಂದೂ, ಅದಕ್ಕೆ ಮುಖ್ಯವಾಗಿ ಕಾಡುಹರಳು, ಅಂದರೆ ಜಟ್ರೋಫ, ಸಾಧನವಾಗಬೇಕೆಂದೂ ಯೋಚನೆಯಾಯಿತು. ಬಂಜರಿನಲ್ಲಿ ನೀರಿಲ್ಲದೆ ಬೆಳೆಯುವುದು, ಬೇಗ ಕಾಯಿ ಬಿಡುವುದು, ಆಡುಕುರಿ ಮುಟ್ಟದು ಎಂಬ ಹೊಗಳಿಕೆಯೆಲ್ಲ ಕೇಳಿಬಂದಿತು. ಬದುಕುವ ವಿಷಯದಲ್ಲಿ ಹೊಗಳಿಕೆ ಸುಳ್ಳಾಗಲಿಲ್ಲ. ನೀರಿಲ್ಲದೆಯೂ ಆ ಗಿಡ ಬದುಕಿತು. ಆದರೆ ನೀರೂ ಗೊಬ್ಬರವೂ ಇಲ್ಲದೆಡೆಯಲ್ಲಿ ಬದುಕುವುದು ಬೇರೆ, ಫಲ ಕೊಡುವುದು ಬೇರೆ. ಸಾರವಿಲ್ಲದ ನೆಲದಲ್ಲಿ ಕಾಯಿ ಬಹಳ ಕಡಮೆಯಾಯಿತು, ಒಂದೇ ಗೊಂಚಲಿನ ಕಾಯಿಗಳು ಬೇರೆಬೇರೆ ಕಾಲದಲ್ಲಿ ಹಣ್ಣಾದುದರಿಂದ ಕೊಯ್ಲಿನ ಕೂಲಿ ಹೆಚ್ಚಿತು, ಕೊಳ್ಳುವವರು ದೊರೆಯಲಿಲ್ಲ. 2011-12 ಬಂದು ಹೋಯಿತು, ಗುರಿ ಕೈಗೂಡಲಿಲ್ಲ. 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯು ಬಯೋಡೀಸೆಲಿಗೆ 2030ಕ್ಕೆ ನೂರರಲ್ಲಿ ಐದು ಪಾಲು ಎಂದು ಗುರಿಯನ್ನು ಇಳಿಸಿಕೊಂಡಿದೆ. ಇದರಿಂದ ನಾವು ಕಲಿಯಬೇಕಾದ ಪಾಠವು ಸ್ಪಷ್ಟವಾಗಿದೆ: ದೂರದಿಂದ ಬಂದ ಹೊಗಳಿಕೆಯನ್ನು ನಂಬಿ ದುಡ್ಡು ತೆತ್ತು ಸಸಿ ಕೊಳ್ಳಬಾರದು, ನಮ್ಮ ಮಣ್ಣು ಬಲ್ಲ ಮರವನ್ನೇ ಹಿಡಿಯಬೇಕು.

ಕರ್ನಾಟಕ ಸರ್ಕಾರವು 2009ರಲ್ಲಿ ತನ್ನದೇ ಆದ ಜೈವಿಕ ಇಂಧನ ನೀತಿಯನ್ನು ಅಂಗೀಕರಿಸಿದಾಗ ಈ ವಿವೇಕವು ಕೆಲಮಟ್ಟಿಗೆ ಕಂಡುಬಂದಿತು. ಹೊಂಗೆ, ಬೇವು, ಹಿಪ್ಪೆ, ಸಿಮರೂಬ ಮೊದಲಾದ ಹಲವು ಮರಗಳು ಕೂಡಿರಲಿ, ಒಂದನ್ನೇ ನಂಬುವುದು ಬೇಡ ಎಂಬುದು ಅದರ ದಾರಿ. ಕಾಡಿನ ಬರಡು ನೆಲಕ್ಕೆ ‘ಹಸಿರು ಹೊನ್ನು’ ಎಂದೂ, ರೈತರ ಬದುವಿಗೂ ಪಾಳು ನೆಲಕ್ಕೂ ‘ಬರಡು ಬಂಗಾರ’ ಎಂದೂ ಯೋಜನೆಗಳು ನಡೆದವು. ಅದಕ್ಕೆ ಮುಂಚೆಯೇ, 2007ರಲ್ಲಿ, ಹಾಸನದ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯವು ಜೈವಿಕ ಇಂಧನ ಉದ್ಯಾನವನ್ನು ತೆರೆದು, ಸಸಿಗಳನ್ನು ಬೆಳೆಸುವುದರ ಜೊತೆಗೆ ಹಳ್ಳಿಗಳಲ್ಲಿ ಬೆಳೆಗಾರರ ಸಂಘಗಳನ್ನೂ ಕಟ್ಟಿತು. ಆದರೆ ಹಾಸನದ ನೆಲವೂ ಮಳೆಯೂ ಬೇರೆ, ಕರಾವಳಿಯವು ಬೇರೆ. ಅಲ್ಲಿ ಸೊಗಸಾಗಿ ಬರುವ ಬೇವು, ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಹೊಯ್ಯುವ ಉಡುಪಿಯ ಸೀಮೆಯಲ್ಲಿ ಸೊರಗುವುದು.

ಹಾಗಾದರೆ ನಮ್ಮ ನೆಲವನ್ನೇ ನೋಡೋಣ. ಈ ಸೀಮೆಯವರು ಗದ್ದೆಗಳನ್ನು ಬೈಲು, ಮಜಲು, ಬೆಟ್ಟು ಎಂದು ಮೂರು ಬಗೆಯಾಗಿ ಎಣಿಸುವರು. ನೀರು ನಿಲ್ಲುವ ತಗ್ಗು ಬೈಲು. ಎರಡು ಬೆಳೆಗೆ ಒದಗುವುದು ಮಜಲು. ಮಳೆಯನ್ನೇ ನೆಚ್ಚಿದ ಎತ್ತರದ ನೆಲ ಬೆಟ್ಟು. ಇವುಗಳಲ್ಲಿ ಒಂದರಲ್ಲಿಯೂ ಎಣ್ಣೆಯ ಮರವನ್ನು ನೆಡತಕ್ಕದ್ದಲ್ಲ. ಅನ್ನ ಬೆಳೆಯುವ ನೆಲ ಅನ್ನಕ್ಕೇ ಇರಲಿ. ಬೆಟ್ಟುಗದ್ದೆ ಹಡಿಲು ಬಿದ್ದಿದ್ದರೂ ನಾಳೆ ಮತ್ತೆ ಉಳುವ ಕಾಲ ಬಂದೀತು. ಮರಕ್ಕೆ ಸಲ್ಲುವುದು ಗದ್ದೆಯಾಚೆಯ ದರೆಯ ಅಂಚು, ತೋಡಿನ ದಡ, ಹಿತ್ತಲ ಬೇಲಿ, ದಾರಿಯ ಬದಿ, ಹಾಡಿಯ ಅಂಚು. ಕುಮ್ಕಿ ನೆಲದ ವಿಷಯವನ್ನು ಇಲ್ಲಿ ಪ್ರತ್ಯೇಕವಾಗಿ ಹೇಳಬೇಕು. ವರ್ಗದಾರರಿಗೆ ಕುಮ್ಕಿಯಲ್ಲಿ ಸೊಪ್ಪು, ಹುಲ್ಲು, ಸೌದೆಗಳ ಸೌಲಭ್ಯವುಂಟು. 1964ರ ಭೂಕಂದಾಯ ಕಾಯಿದೆಯ 79ನೆಯ ಪ್ರಕರಣವು ಇದನ್ನು ಉಳಿಸಿಕೊಂಡು ಬಂದಿದೆ. ಆದರೆ ನೆಲವು ಸರ್ಕಾರದ್ದೇ. ಅಲ್ಲಿ ಇರುವ ಹೊಂಗೆಯ ಸೊಪ್ಪು ತರುವುದು ಬೇರೆ, ಹೊಸದಾಗಿ ತೋಪು ಹಾಕುವುದು ಬೇರೆ; ಎರಡನೆಯದಕ್ಕೆ ಮುನ್ನ ಕಂದಾಯದ ಕಛೇರಿಯಲ್ಲಿ ವಿಚಾರಿಸಿಕೊಳ್ಳುವುದು ಕ್ಷೇಮ.

ಯಾವ ಎಡೆಗೆ ಯಾವ ಮರವೆಂಬುದನ್ನು ಈಗ ಹೇಳುವೆವು. ಕಾಪುವಿನ ಕಡಲಂಚಿನ ಮರಳು ನೆಲಕ್ಕೆ ಸುರಹೊನ್ನೆಗೆ ಸಮನಾದ ಮರವಿಲ್ಲ. ಬೇಂಗದ ಮರವನ್ನೂ ಕೆಲವರು ಹೊನ್ನೆಯೆನ್ನುವುದುಂಟು. ನಾವು ಹೇಳುವುದು ಬಿಳಿಯ ಪರಿಮಳದ ಹೂವೂ, ಗೋಲಿಯಂಥ ಗುಂಡು ಕಾಯಿಯೂ, ಹೊಳೆಯುವ ದಪ್ಪ ಎಲೆಯೂ ಉಳ್ಳ ಮರವನ್ನು. ಉಪ್ಪುಗಾಳಿಯನ್ನು ತಡೆದು ನಿಲ್ಲುವ ಶಕ್ತಿ ಅದಕ್ಕುಂಟು. ಉಡುಪಿ ಮಣಿಪಾಲಗಳ ಮುರಕಲ್ಲಿನ ಪದವುಗಳಲ್ಲಿ ಮಣ್ಣು ತೆಳು. ಪದವಿನ ನೆತ್ತಿಯಲ್ಲಿ ಏನನ್ನು ನೆಟ್ಟರೂ ಕಷ್ಟವೇ. ಆದರೆ ಪದವಿನ ಇಳಿಜಾರಿನ ಬುಡದಲ್ಲಿ, ಮಳೆಯೊಡನೆ ಮಣ್ಣು ಬಂದು ನಿಲ್ಲುವೆಡೆ, ಹೊಂಗೆ ಬರುವುದು. ಕಾರ್ಕಳದ ಕಡೆ ಘಟ್ಟದಿಂದಿಳಿಯುವ ಹಳ್ಳತೋಡುಗಳ ಇಕ್ಕೆಲವು ಹೊಂಗೆಗೆ ಸಹಜವಾದ ಮನೆಯೇ ಸರಿ; ಅಲ್ಲಿ ಅದರ ಬೇರು ದಡವನ್ನೂ ಕಾಯುವುದು. ಇದಲ್ಲದೆ ಕಾರ್ಕಳದ ಸುತ್ತಿನಲ್ಲಿ ರಬ್ಬರ್ ತೋಟಗಳಿವೆ. ಮಳೆಗಾಲದ ಕೊನೆಯಲ್ಲಿ ಅವುಗಳಡಿ ಬೀಳುವ ಬೀಜದಲ್ಲಿಯೂ ಎಣ್ಣೆಯುಂಟು. ನೆಡುವ ಖರ್ಚೇ ಇಲ್ಲದ ಬೆಳೆ ಅದು. ಗೇರುಬೀಜದ ಕಾರ್ಖಾನೆಗಳಲ್ಲಿ ಸಿಪ್ಪೆಯ ಎಣ್ಣೆಯನ್ನು ಮಾರುವ ಪದ್ಧತಿಯನ್ನು ಕಂಡವರಿಗೆ, ತ್ಯಾಜ್ಯವೆಂದು ತೋರುವುದರಲ್ಲಿಯೂ ಎಣ್ಣೆಯಿರುವುದೆಂಬ ಮಾತು ಅಚ್ಚರಿಯೆನಿಸದು.

ಈಗ ಮುಖ್ಯ ವಿಷಯಕ್ಕೆ ಬರುವೆವು. ಹೊಂಗೆಯನ್ನು ಬೆಳೆಸಲು ಮೂರು ದಾರಿಗಳಿವೆ: ಬೀಜವನ್ನು ನೆಲದಲ್ಲಿಯೇ ಊರುವುದು, ಸಸಿ ಮಾಡಿ ನೆಡುವುದು, ಕಸಿ ಕಟ್ಟುವುದು.

ಮೂರಕ್ಕೂ ಮೊದಲ ಕೆಲಸ ತಾಯಿಮರವನ್ನು ಆರಿಸುವುದು. ಒಂದೇ ಊರಿನ ಎರಡು ಹೊಂಗೆಗಳಲ್ಲಿ ಒಂದು ಕೊಂಬೆ ಬಾಗುವಷ್ಟು ಕಾಯಿ ಬಿಟ್ಟರೆ, ಇನ್ನೊಂದು ಎಲೆಯನ್ನಲ್ಲದೆ ಬೇರೇನನ್ನೂ ತೋರದು. ಮೂರು ವರ್ಷ ಸತತವಾಗಿ ನೋಡಿ, ವರ್ಷ ತಪ್ಪದೆ ಕಾಯಿ ಬಿಡುವ ಮರವನ್ನು ಗುರುತಿಸಿ ಸುಣ್ಣದ ಪಟ್ಟೆ ಎಳೆದಿಡಬೇಕು. ಇದಕ್ಕೆ ಕಾಸಿನ ಖರ್ಚಿಲ್ಲ. ಊರಿನ ಹಿರಿಯರನ್ನು ಕೇಳಿದರೆ ಮೂರು ವರ್ಷ ಕಾಯುವ ಅಗತ್ಯವೂ ಇಲ್ಲ.

ಮಾಘ ಫಾಲ್ಗುಣದಿಂದ ಚೈತ್ರದವರೆಗೆ ಬಲಿತ ಕಾಯಿಗಳನ್ನು ಆಯ್ದು ನೆರಳಿನಲ್ಲಿ ಒಣಗಿಸಿ ಸಿಪ್ಪೆ ಬಿಡಿಸಬೇಕು. ಹೊಂಗೆಯ ಬೀಜ ಬಹುಕಾಲ ಬಾಳದು. ಆ ವರ್ಷದ ಬೀಜವನ್ನು ಆ ವರ್ಷವೇ ಬಿತ್ತಬೇಕು. ಮೊದಲ ದಾರಿಯಲ್ಲಿ, ಮುಂಗಾರಿನ ಮೊದಲ ಮಳೆ ಬಿದ್ದ ಕೂಡಲೆ ಸಿದ್ಧಮಾಡಿದ ಗುಳಿಗೆ ಎರಡು ಮೂರು ಬೀಜವನ್ನು ಬೆರಳ ಗಿಣ್ಣಿನಷ್ಟು ಆಳಕ್ಕೆ ಊರುವುದು. ಎರಡು ವಾರಗಳ ಸುಮಾರಿಗೆ ಮೊಳಕೆ ಕಾಣುವುದು. ಬಲವಾದ ಒಂದನ್ನುಳಿಸಿ ಉಳಿದುದನ್ನು ಕೀಳಬೇಕು. ಇಲಿ ಹೆಗ್ಗಣಗಳಿಂದಲೂ ಆಷಾಢದ ನೆರೆನೀರಿನಿಂದಲೂ ಕೆಲವು ಹಾಳಾಗುವುವು. ಆದರೆ ಹಾಳಾದುದು ಬೀಜ ಮಾತ್ರ, ದುಡ್ಡಲ್ಲ.

ಎರಡನೆಯ ದಾರಿಯಲ್ಲಿ, ಕೆಮ್ಮಣ್ಣು ಎರಡು ಪಾಲು, ಮರಳು ಒಂದು ಪಾಲು, ಹಟ್ಟಿಗೊಬ್ಬರ ಒಂದು ಪಾಲು ಬೆರಸಿ, ಚೀಲಗಳಲ್ಲಿ ತುಂಬಿ ಬೇಸಗೆಯಲ್ಲಿಯೇ ಬಿತ್ತಿ ನೆರಳಿನಲ್ಲಿ ನೀರೆರೆಯುವುದು. ಪ್ಲಾಸ್ಟಿಕಿನ ಚೀಲವೇ ಆಗಬೇಕೆಂಬುದಿಲ್ಲ. ಅಡಕೆಯ ಹಾಳೆಯನ್ನು ಮಡಿಚಿ ಕಡ್ಡಿ ಚುಚ್ಚಿದ ದೊನ್ನೆಯೂ ಒಂದು ಮಳೆಗಾಲದವರೆಗೆ ತಡೆಯುವುದು. ಗಿಡದೊಡನೆ ಅದನ್ನು ಹಾಗೆಯೇ ನೆಟ್ಟರೆ ಬೇರಿಗೆ ನೋವಿಲ್ಲ. ಮೂರು ತಿಂಗಳ ಸಸಿಯನ್ನು ಮಳೆಯ ಮೊದಲ ಆರ್ಭಟ ಕಳೆದ ಮೇಲೆ ಒಂದೂವರೆ ಅಡಿ ಗುಳಿಗೆ, ಮರದಿಂದ ಮರಕ್ಕೆ ಸುಮಾರು 16 ಅಡಿ ಅಂತರ ಬಿಟ್ಟು ನೆಡಬೇಕು. ಮಳೆ ನಿಲ್ಲುವುದಕ್ಕೆ ಮುನ್ನ ಬೇರು ಹಿಡಿಯುವುದು ಅವಶ್ಯ. ಮೊದಲೆರಡು ವರ್ಷ ದನ ಮುಟ್ಟದಂತೆ ಮುಳ್ಳು ಕಟ್ಟಿ, ಬೇಸಗೆಯಲ್ಲಿ ಬುಡಕ್ಕೆ ತರಗೆಲೆ ಹೊದಿಸಿದರೆ ಸಾಕು.

ಹೊನ್ನೆಯ ಬೀಜಕ್ಕೆ ಬೇರೆ ಉಪಚಾರ ಬೇಕು. ಅದರ ಚಿಪ್ಪು ಗಟ್ಟಿ. ಚಿಪ್ಪಿನೊಡನೆಯೇ ಬಿತ್ತಿದರೆ ಮೊಳೆಯಲು ಎಂಟು ವಾರಗಳಾಗುವುವು. ಚಿಪ್ಪನ್ನು ಮೆಲ್ಲಗೆ ಒಡೆದು ಬಿರುಕು ಬಿಡಿಸಿದರೆ ಐದಾರು ವಾರ. ಪೂರ್ತಿ ತೆಗೆದು ತಿರುಳನ್ನೇ ಬಿತ್ತಿದರೆ ಮೂರು ವಾರ. ಬಾವಲಿಗಳು ಹಣ್ಣಿನ ಮೇಲ್ಭಾಗವನ್ನು ತಿಂದು ಬೀಜವನ್ನು ತಮ್ಮ ಮರದಡಿ ಬೀಳಿಸುವುದುಂಟು. ಅಲ್ಲಿ ಹುಡುಕಿದರೆ ಹದವಾದ ಬೀಜ ಪುಕ್ಕಟೆಯಾಗಿ ಸಿಕ್ಕುವುದು.

ಮೂರನೆಯ ದಾರಿ ಕಸಿ. ಬೀಜದಿಂದ ಹುಟ್ಟಿದ ಹೊಂಗೆಯು ತಾಯಿಯ ಗುಣವನ್ನು ಪೂರ್ತಿ ತೋರುವುದೆಂಬ ಭರವಸೆಯಿಲ್ಲ. ಕಾಯಿ ಕಾಣಲು ಐದಾರು ವರ್ಷಗಳೂ ಬೇಕು. ಕಾಯಿ ಬಿಡುವ ಮರದ ಕುಡಿಯನ್ನು ಎಳೆಯ ಸಸಿಯ ಸೀಳಿನಲ್ಲಿ ಕೂಡಿಸಿ ಕಟ್ಟಿದರೆ ಗುಣವೂ ಉಳಿಯುವುದು, ಫಲವೂ ಬೇಗ ಬರುವುದು. ಇದನ್ನು ಕೇಳಿ ‘ಇದು ದೊಡ್ಡ ತೋಟಗಳವರ ವಿದ್ಯೆ’ ಎಂದು ಯಾರೂ ಹಿಮ್ಮೆಟ್ಟಬೇಕಾಗಿಲ್ಲ. ಗೇರಿನ ಸಸಿಗೆ ಮೃದುಕಾಂಡ ಕಸಿ ಕಟ್ಟುವುದನ್ನು ಕರಾವಳಿಯ ಎಷ್ಟೋ ಮಂದಿ ಕಲಿತಿರುವರು. ಹೊಂಗೆಗೆ ಬೇಕಾದುದೂ ಅದೇ ಕೈಚಳಕ. ಶಂಕರಪುರದ ಮಲ್ಲಿಗೆಯನ್ನು ಗೆಲ್ಲು ಊರಿ ಮನೆಮನೆಯ ಅಂಗಳಕ್ಕೆ ಹರಡಿದವರೂ, ಮಟ್ಟುವಿನ ಗುಳ್ಳದ ಬೀಜವನ್ನು ತಲೆತಲಾಂತರದಿಂದ ಕಾಪಾಡಿದವರೂ ಇದೇ ಕಾಪುವಿನ ಆಸುಪಾಸಿನವರು. ಅವರಲ್ಲಿ ವಿದ್ಯೆಗೆ ಕೊರತೆಯಿಲ್ಲ. ಅದನ್ನು ಈ ಮರಕ್ಕೂ ತಿರುಗಿಸುವ ಮನಸ್ಸು ಮಾತ್ರ ಬೇಕು. ಸಂದೇಹ ಬಂದರೆ ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರವು ದೂರವಿಲ್ಲ.

ಮೂರರಲ್ಲಿ ಯಾವುದು ಮೇಲು? ನಮ್ಮ ಅಭಿಪ್ರಾಯದಲ್ಲಿ, ಹತ್ತು ಮರ ಬೇಕಾದವನು ಎಂಟನ್ನು ಬೀಜದಿಂದ ಬೆಳೆಸಿ, ಎರಡಕ್ಕೆ ಕಸಿ ಕಟ್ಟಲಿ. ಆ ಎರಡರ ಫಲವನ್ನು ನೋಡಿಕೊಂಡು, ಕಾಯಿ ಬಿಡದ ಬೀಜಮರಗಳ ಚಿಗುರಿಗೆ ಮುಂದೆ ಅವುಗಳಿಂದಲೇ ಕಸಿ ಕಟ್ಟಬಹುದು. ಹೀಗೆ ಮಾಡಿದವನಿಗೆ ಹೊರಗಿನ ಸಸಿಗೆ ತೆರುವ ವೆಚ್ಚವೇ ಇಲ್ಲ. ಕೊಳ್ಳಲೇಬೇಕಾದವರು ಅರಣ್ಯ ಇಲಾಖೆಯ ಸಸ್ಯಕ್ಷೇತ್ರದಲ್ಲಿ ರಿಯಾಯಿತಿಯ ದರಕ್ಕೆ ಕೊಳ್ಳಲಿ. 2011ರಲ್ಲಿ ಮೊದಲಾದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ, ನೆಟ್ಟ ಗಿಡಕ್ಕಲ್ಲ, ಬದುಕುಳಿದ ಗಿಡಕ್ಕೆ ಮೂರು ವರ್ಷ ಪ್ರೋತ್ಸಾಹಧನ ಕೊಡುವ ಕ್ರಮವನ್ನಿಟ್ಟರು. ಕಾಪಾಡಿದವನಿಗೆ ಕೂಲಿ ಎಂಬ ಈ ನಿಯಮ ನ್ಯಾಯವಾದುದು.

ಇನ್ನು ಲೆಕ್ಕ. ಗಾಣದಲ್ಲಿ ನಾಲ್ಕು ಕಿಲೋ ಹೊಂಗೆಯ ಬೀಜಕ್ಕೆ ಸುಮಾರು ಒಂದು ಲೀಟರು ಎಣ್ಣೆ ಇಳಿದು, ಮೂರು ಕಿಲೋ ಹಿಂಡಿ ಉಳಿಯುವುದು. ಬೇಲಿಯಲ್ಲಿಯೂ ತೋಡಿನ ದಡದಲ್ಲಿಯೂ ಕೂಡಿ 20 ಮರಗಳಿರುವ ಒಂದು ಮನೆಯನ್ನು ಭಾವಿಸಿರಿ. ಮರವೊಂದಕ್ಕೆ ಹತ್ತೇ ಕಿಲೋ ಬೀಜವೆಂದು ಹಿಡಿದರೂ 200 ಕಿಲೋ ಆಯಿತು. ಅಂದರೆ 50 ಲೀಟರು ಎಣ್ಣೆ, 150 ಕಿಲೋ ಹಿಂಡಿ. ಐದು ಅಶ್ವಶಕ್ತಿಯ ಪಂಪು ಗಂಟೆಗೆ ಒಂದು ಲೀಟರಿನಷ್ಟು ಕುಡಿಯುವುದಾದ್ದರಿಂದ, ಇದು 50 ಗಂಟೆಗಳ ನೀರು. ಇದರಿಂದ ಯಾರೂ ಸಿರಿವಂತರಾಗರು. ಆದರೆ ಹಿಂಡಿಯ ಬೆಲೆಯನ್ನು ಮರೆಯಬಾರದು. ಅದರ ನೂರು ಪಾಲಿನಲ್ಲಿ ನಾಲ್ಕು ಪಾಲಿನಷ್ಟು ಸಾರಜನಕವುಂಟು. ತೆಂಗು ಕಂಗುಗಳ ಬುಡಕ್ಕೆ ಇದು ಉತ್ತಮ ಗೊಬ್ಬರ, ಗೆದ್ದಲನ್ನೂ ದೂರವಿಡುವುದು. ದನಕ್ಕೆ ಮಾತ್ರ ಇದನ್ನು ತಿನ್ನಿಸಲಾಗದು. ಕಹಿಯೂ ನಂಜೂ ಅದರಲ್ಲುಂಟು. ವರ್ಷಕ್ಕೊಮ್ಮೆ ಕೊಂಬೆ ಸವರಿದರೆ ಗದ್ದೆಗೆ ಸೊಪ್ಪು. ಹೀಗೆ ಎಣ್ಣೆಯ ಬೆಲೆ ಬಿದ್ದ ವರ್ಷವೂ ಹಿಂಡಿ ಸೊಪ್ಪುಗಳು ಉಳಿಯುವುವು. ಈ ಎರಡನೆಯ ಆಸರೆಯೇ ಹೊಂಗೆಯ ಹೆಚ್ಚಳ. ಹೊನ್ನೆಯ ತಿರುಳಿನಲ್ಲಿ ಎಣ್ಣೆ ಇನ್ನೂ ಅಧಿಕ, ಅರ್ಧಕ್ಕೂ ಮೀರಿ ಇರುವುದು. ಆದರೆ ಹಸಿಯ ತಿರುಳನ್ನು ಹಿಂಡಿದರೆ ಎಣ್ಣೆ ಸರಿಯಾಗಿ ಇಳಿಯದು. ಒಂದೆರಡು ತಿಂಗಳು ಒಣಗಿ, ತಿರುಳು ಕಂದಾಗಿ ಅಂಟಂಟಾದ ಮೇಲೆಯೇ ಗಾಣಕ್ಕೆ ಹಾಕಬೇಕು. ಆ ಎಣ್ಣೆಯಲ್ಲಿ ಹುಳಿಯಂಶ ಹೆಚ್ಚಾದ ಕಾರಣ ಅದನ್ನು ಇಂಧನ ಮಾಡುವವರಿಗೆ ಒಂದು ಮಡಿ ಕೆಲಸ ಜಾಸ್ತಿ.

ಅತ್ಯಂತ ತೊಡಕಿನ ಮಾತು ಮಾರಾಟದ್ದು. ಒಬ್ಬನು ಎರಡು ಮೂಟೆ ಬೀಜವನ್ನು ಪೇಟೆಗೆ ಹೊತ್ತರೆ, ಬಾಡಿಗೆಯೇ ಲಾಭವನ್ನು ನುಂಗುವುದು. ಹಾಲಿನ ಸಂಘಗಳು ಈ ಜಿಲ್ಲೆಯ ಹಳ್ಳಿಗಳಲ್ಲಿ ಪ್ರತಿದಿನವೂ ಲೀಟರು ಲೀಟರಾಗಿ ಹಾಲನ್ನು ಕೂಡಿಸುತ್ತಿವೆ. ಅದೇ ಬಗೆಯಲ್ಲಿ, ಅದೇ ಕಟ್ಟಡದಲ್ಲಿ, ವರ್ಷಕ್ಕೆ ಎರಡು ತಿಂಗಳು ಬೀಜವನ್ನೂ ತೂಗಿ ಕೊಳ್ಳಬಾರದೇಕೆ? ಹನಿಗೂಡಿದರೆ ಹಳ್ಳವಲ್ಲವೆ? ಮಣಿಪಾಲ, ನಿಟ್ಟೆಗಳಲ್ಲಿ ಯಂತ್ರವಿದ್ಯೆಯ ಕಾಲೇಜುಗಳಿವೆ. ಎಣ್ಣೆಯನ್ನು ಪರೀಕ್ಷಿಸಬಲ್ಲ ವಿದ್ಯಾವಂತರು ಹತ್ತಾರು ಮೈಲಿಯೊಳಗೇ ಇರುವರು. ಮಲ್ಪೆಯ ಬಂದರಿನಲ್ಲಿ ಡೀಸೆಲನ್ನು ಕುಡಿಯುವ ದೋಣಿಗಳು ಸಾಲುಗಟ್ಟಿವೆ. ಬೀಜ, ವಿದ್ಯೆ, ಬಯಕೆ ಮೂರೂ ಒಂದೇ ಜಿಲ್ಲೆಯಲ್ಲಿರುವಾಗ ಇವನ್ನು ಕೂಡಿಸುವ ಸಂಘವೊಂದು ಇಲ್ಲದಿರುವುದೇ ಕೊರತೆ.

ಆ ಸಂಘ ಕಟ್ಟುವ ಮುನ್ನ ಯಾರಾದರೂ ಬಂದು, ‘ನಮ್ಮ ಸಸಿಯನ್ನು ಹೆಚ್ಚು ಬೆಲೆಗೆ ಕೊಳ್ಳಿರಿ, ಬೀಜವನ್ನೆಲ್ಲ ನಾವೇ ಕೊಳ್ಳುವೆವು’ ಎಂದು ಕಾಗದ ತೋರಿಸಿದರೆ, ಆ ಕಾಗದಕ್ಕೆ ರುಜು ಹಾಕುವ ಮೊದಲು ಎರಡು ಪ್ರಶ್ನೆ ಕೇಳಬೇಕು: ಹೋದ ವರ್ಷ ನೀವು ಯಾರಿಂದ ಎಷ್ಟು ಬೀಜ ಕೊಂಡಿರಿ? ಅವರ ಮನೆಯನ್ನು ನಮಗೆ ತೋರಿಸುವಿರಾ? ಉತ್ತರ ತಡವರಿಸಿದರೆ ದುಡ್ಡು ಮಡಿಲಿನಲ್ಲಿಯೇ ಇರಲಿ. ಸಾಲ ಮಾಡಿ ಎಣ್ಣೆಯ ಮರ ನೆಡುವುದಂತೂ ಸರ್ವಥಾ ಕೂಡದು. ಮರವು ಆರನೆಯ ವರ್ಷ ಕಾಯಿ ಬಿಡುವುದು. ಬಡ್ಡಿಯು ಆರನೆಯ ತಿಂಗಳಿಗೇ ಬಾಗಿಲಿಗೆ ಬರುವುದು.

ಮಲ್ಲಿಗೆಯು ದಿನದ ಕಾಸು, ಭತ್ತವು ವರ್ಷದ ಅನ್ನ, ಹೊಂಗೆ ಹೊನ್ನೆಗಳು ಮಕ್ಕಳ ಕಾಲದ ಆಸ್ತಿ. ಒಂದರ ಎಡೆಯಲ್ಲಿ ಇನ್ನೊಂದನ್ನು ಇಡದೆ, ಮೂರಕ್ಕೂ ಅದದರ ನೆಲವನ್ನು ಕೊಡುವುದೇ ಬುದ್ಧಿವಂತರಾದ ಬೇಸಾಯಗಾರರ ಲಕ್ಷಣ. ಬರುವ ಮುಂಗಾರಿಗೆ ಪ್ರತಿ ಮನೆಯವರೂ ತಮ್ಮ ಊರಿನ ಒಳ್ಳೆಯ ಮರವೊಂದರಿಂದ ಒಂದು ಸೇರು ಬೀಜವನ್ನು ತಂದು ಬೇಲಿಯ ಅಂಚಿನಲ್ಲಿ ಊರಲಿ ಎಂಬುದೇ ನಮ್ಮ ಬಿನ್ನಹ.